ಮಗ್ಗದ ಶೆಡ್ಡಿಗೆ ಹೋದ ಬಿ.ಪಿ. ಮಷೀನು

ನಾನು ಒಂದು ಬಿ.ಪಿ. ಮಷೀನು. ಈಗಿನ ಕಾಲದ, ಪೀಂ ಎಂದು ಕೂಗುವ ಪ್ಲಾಸ್ಟಿಕ್ ಡಬ್ಬಿಯಲ್ಲ. ಬೂದು ಬಣ್ಣದ ತಗಡಿನ ಪೆಟ್ಟಿಗೆ, ಮುಚ್ಚಳ ಎತ್ತಿದರೆ ನೆಟ್ಟಗೆ ನಿಲ್ಲುವ ಗಾಜಿನ ನಳಿಗೆ, ಅದರೊಳಗೆ ಪಾದರಸ. ಅಂಬಾಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ನನ್ನ ಹೊಟ್ಟೆಗೆ ಪಾದರಸ ಸುರಿಯುವಾಗ ಒಂದು ಹನಿ ಮೇಜಿನ ಮೇಲೆ ಚೆಲ್ಲಿತು. ಅದನ್ನು ಹಿಡಿಯಲು ಹೋದ ಮುದುಕ ಅರ್ಧ ಗಂಟೆ ಬೆವೆತ. ಮುಟ್ಟಿದಾಗಲೆಲ್ಲ ಅದು ಎರಡಾಗಿ ಓಡುತ್ತಿತ್ತು. ನನ್ನ ಸ್ವಭಾವ ಅಷ್ಟರಲ್ಲೇ ತಿಳಿಯುತ್ತದೆ. ನನಗೆ ಸುಮ್ಮನಿರಲು ಬರುವುದಿಲ್ಲ, ಕಾಯಲಂತೂ ಬರುವುದೇ ಇಲ್ಲ.

ಮೊದಲ ಹನ್ನೊಂದು ವರ್ಷ ಹುಬ್ಬಳ್ಳಿ ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಕಳೆದೆ. ಅಲ್ಲಿ ಡಾಕ್ಟರ್ ತಿಗಡಿ ಎಂಬ ಶಿಸ್ತಿನ ಹೆಂಗಸು ವರ್ಷವರ್ಷವೂ ಹೊಸ ಹುಡುಗರಿಗೆ ಒಂದೇ ಪಾಠ ಹೇಳುತ್ತಿದ್ದರು. ತೋಳಿಗೆ ಪಟ್ಟಿ ಕಟ್ಟು, ರಬ್ಬರ್ ಉಂಡೆ ಒತ್ತು, ಪಾದರಸ ಮೇಲೇರುತ್ತದೆ. ಮೆಲ್ಲಗೆ ಗಾಳಿ ಬಿಡು, ಇಳಿಯುತ್ತದೆ. ಮೊಣಕೈ ಒಳಗೆ ಸ್ಟೆತಾಸ್ಕೋಪ್ ಇಟ್ಟು ಕೇಳು. ಮೊದಲ ‘ಟಪ್’ ಎಂದಾಗ ಪಾದರಸ ಎಲ್ಲಿದೆಯೋ ಅದೇ ಮೇಲಿನ ಒತ್ತಡ. ಆ ಮೊದಲ ಸಪ್ಪಳ ತಪ್ಪಿಸಿಕೊಂಡರೆ ನಾನು ನಿಲ್ಲುವವನಲ್ಲ, ಕೆಳಗೆ ಜಾರಿರುತ್ತೇನೆ. ಆಗ ಬರೆದುಕೊಂಡ ಸಂಖ್ಯೆ ನಿಜಕ್ಕಿಂತ ಕಡಿಮೆ. ಪಾಠ ಇಷ್ಟೇ, ಆದರೆ ಇಡೀ ಕಥೆ ನಿಂತಿರುವುದು ಇದರ ಮೇಲೆಯೇ.

ಹನ್ನೆರಡನೆಯ ವರ್ಷ ನನ್ನನ್ನು ಒಂದು ಸಂಶೋಧನೆಗೆ ಕೊಟ್ಟರು. ಕೃಷ್ಣೆಗೂ ಘಟಪ್ರಭೆಗೂ ನಡುವೆ ನೇಕಾರರ ಊರೊಂದಿದೆ. ಅಲ್ಲಿ ಬೆಳಗಾದರೆ ಮನೆಮನೆಯಲ್ಲೂ ವಿದ್ಯುತ್ ಮಗ್ಗಗಳು ಖಟಾಖಟ್ ಎಂದು ಶುರುವಾಗುತ್ತವೆ. ಮೆಹಬೂಬ್ ಬಾಗವಾನ ಎಂಬ ಎಂಜಿನಿಯರು ನಾಲ್ಕು ವರ್ಷ ಒದ್ದಾಡಿ, ಮಗ್ಗದ ಕಾಲಿನಡಿ ಇಡುವ ರಬ್ಬರ್ ಪ್ಯಾಡು ಮಾಡಿದ್ದ. ಅದರಿಂದ ಸದ್ದು ಸಾಕಷ್ಟು ತಗ್ಗುತ್ತಿತ್ತು. ಸದ್ದು ತಗ್ಗಿದರೆ ನೇಕಾರರ ಬಿ.ಪಿ.ಯೂ ತಗ್ಗುತ್ತದೆಯೇ? ಹೌದೆಂದು ತೋರಿಸಿದರೆ ಎಲ್ಲ ಮಗ್ಗಗಳಿಗೂ ಪ್ಯಾಡು ಹಾಕಿಸಲು ಬೆಂಗಳೂರಿನ ಸಮಿತಿ ಒಪ್ಪುವುದಿತ್ತು. ಹೀಗೆ ಎಂಜಿನಿಯರು, ಡಾಕ್ಟರು, ಅರ್ಥಶಾಸ್ತ್ರದವರು, ಲೆಕ್ಕಕ್ಕೆ ಧಾರವಾಡದ ಪ್ರೊಫೆಸರ್ ಇಂದುಮತಿ ಗಲಗಲಿ, ಎಲ್ಲರೂ ಕೂಡಿದರು. ನೇಕಾರರು ಇನ್ನೂರ ನಲವತ್ತು ಜನ. ಅರ್ಧ ಶೆಡ್ಡುಗಳಿಗೆ ಪ್ಯಾಡು, ಇನ್ನರ್ಧಕ್ಕೆ ಇಲ್ಲ.

ಅಷ್ಟೂ ಜನರ ತೋಳಿಗೆ ಪಟ್ಟಿ ಕಟ್ಟಿದವಳು ದಾನಮ್ಮ. ಅದೇ ಊರಿನ ನೇಕಾರರ ಮಗಳು, ನರ್ಸಿಂಗ್ ಕಲಿತವಳು. ಆ ಮನೆತನದಲ್ಲಿ ಮಗ್ಗ ಬಿಟ್ಟು ಬೇರೆ ಕೆಲಸಕ್ಕೆ ಹೋದ ಮೊದಲ ಹೆಣ್ಣುಮಗಳು. ಬಿಳಿ ಕೋಟನ್ನು ದಿನವೂ ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದಳು. ನನ್ನನ್ನು ಸೊಂಟದ ಮೇಲೆ ಕೂಸಿನಂತೆ ಎತ್ತಿಕೊಂಡು ಶೆಡ್ಡಿನಿಂದ ಶೆಡ್ಡಿಗೆ ನಡೆಯುತ್ತಿದ್ದಳು. ನನಗೆ ಅವಳೆಂದರೆ ಪ್ರೀತಿ. ಆದ್ದರಿಂದಲೇ ಮೊದಲ ವಾರ ನನಗೆ ಗೊತ್ತಾದದ್ದು ನನ್ನನ್ನು ಕೊರೆಯತೊಡಗಿತು.

ದಾನಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಪೂರ್ತಿ ಅಲ್ಲ, ಮುಕ್ಕಾಲು. ಆ ಊರಲ್ಲಿ ಅದು ಯಾರಿಗೂ ಗೊತ್ತಾಗುವಂಥದ್ದಲ್ಲ. ಮಗ್ಗದ ಗದ್ದಲದಲ್ಲಿ ಮಾತು ಕೇಳಿಸದ ಕಾರಣ ಅಲ್ಲಿನವರೆಲ್ಲ ಎದುರಿಗಿದ್ದವರ ತುಟಿ ನೋಡಿಯೇ ಮಾತು ತಿಳಿಯುತ್ತಾರೆ, ಶೆಡ್ಡಿನ ಹೊರಗೂ ಜೋರಾಗಿಯೇ ಮಾತಾಡುತ್ತಾರೆ. ಕೆಲಸಕ್ಕೆ ತೆಗೆದುಕೊಳ್ಳುವಾಗ ತಿಗಡಿಯವರು, ಇಬ್ಬರೂ ಒಟ್ಟಿಗೆ ಕೇಳುವ ಜೋಡಿ ಸ್ಟೆತಾಸ್ಕೋಪು ಹಾಕಿ ಪರೀಕ್ಷೆ ಮಾಡಿದ್ದರು. ಸಪ್ಪಳ ಕೇಳಿದೊಡನೆ ಅವರ ಹುಬ್ಬು ಮೇಲೇರುವುದನ್ನು ನೋಡಿ ದಾನಮ್ಮ ಪಾಸಾದಳು.

ಈರಪ್ಪ ಎಂಬ ನೇಕಾರನ ದಿನ ನನಗೆ ಮರೆಯದು. ಪ್ಯಾಡಿಲ್ಲದ ಶೆಡ್ಡು. ನಾನು ನೂರಾ ಎಂಬತ್ತಾರರಲ್ಲಿದ್ದಾಗ ಅವನ ನಾಡಿ ಟಪ್ ಎಂದಿತು. ಅವಳು ಗಾಳಿ ಬಿಡುತ್ತಲೇ ಇದ್ದಳು. ನಾನು ಇಳಿದೆ, ಇಳಿದೆ. ನಿಲ್ಲಬೇಕೆಂದರೂ ನಿಲ್ಲಲಾಗದ ಜಾತಿ ನನ್ನದು.

“ಎಷ್ಟೈತಿ ಯಕ್ಕಾ?” ಎಂದ ಈರಪ್ಪ.

“ನೂರಾ ಮೂವತ್ತೆಂಟು. ಛಲೋ ಐತಿ ತಗೋ,” ಎಂದಳು ದಾನಮ್ಮ.

ಅವನು ನಗುತ್ತ ಮಗ್ಗಕ್ಕೆ ಮರಳಿದ. ನನಗೆ ಗಾಜು ಒಡೆದುಕೊಂಡು ಹೊರಗೆ ಹಾರುವಷ್ಟು ಸಿಟ್ಟು ಬಂತು. ಅವಳ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ. ಅವಳು ಮೋಸಗಾತಿಯಲ್ಲ. ತನಗೆ ಕೇಳಿಸಿದ್ದನ್ನೇ ಬರೆಯುತ್ತಿದ್ದಳು, ಕೇಳಿಸದ್ದು ಎಷ್ಟೆಂದು ಅವಳಿಗೇನು ಗೊತ್ತು? “ಇಲ್ಲಿ ಕೇಳಸೂದಿಲ್ರಿ, ಮಗ್ಗ ನಿಲ್ಲಸ್ರಿ” ಎಂದು ಬೇರೆ ಯಾರಾದರೂ ಆಗಿದ್ದರೆ ಮೊದಲ ದಿನವೇ ಹೇಳುತ್ತಿದ್ದರು. ಅವಳಿಗೆ ಅದನ್ನು ಹೇಳಲು ಭಯ. ಕಿವಿಯ ಮಾತು ಎತ್ತಿದರೆ ಕಿವಿಯನ್ನೇ ಪರೀಕ್ಷೆ ಮಾಡುತ್ತಾರಲ್ಲ.

ಎರಡು ವರ್ಷದ ಮೇಲೆ ಫಲಿತಾಂಶ ಬಂತು. ಗದ್ದಲದ ಶೆಡ್ಡಿನವರ ಸರಾಸರಿ ನೂರಾ ಇಪ್ಪತ್ತಾರು. ಪ್ಯಾಡು ಹಾಕಿದ ಶೆಡ್ಡಿನವರದು ನೂರಾ ಮೂವತ್ತೆಂಟು! ಸದ್ದು ಕಡಿಮೆ ಇದ್ದಲ್ಲಿ ದಾನಮ್ಮನಿಗೆ ಒಂದಿಷ್ಟು ಕೇಳಿಸಿತ್ತು, ಸಂಖ್ಯೆ ಮೇಲೇರಿತ್ತು. ವರದಿಯಲ್ಲಿ ಮಾತ್ರ ಪ್ಯಾಡಿನಿಂದ ಬಿ.ಪಿ. ಏರುತ್ತದೆ ಎಂದಾಯಿತು. ಮೆಹಬೂಬನ ಮುಖ ಬಿಳಿಚಿತು. ಎಲ್ಲೋ ಅಳತೆ ತಪ್ಪಿದೆ ಎಂದು ಅವನು ಹೇಳಿದರೆ, ಅರ್ಥಶಾಸ್ತ್ರದವರು “ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ” ಎಂದು ನಕ್ಕರು. ಬೆಂಗಳೂರಿನ ಸಭೆಗೆ ಹನ್ನೆರಡು ದಿನ ಉಳಿದಿತ್ತು. ಆ ದಿನ ಪ್ಯಾಡು ಮೂಲೆಗೆ ಸೇರುವುದು ಖಂಡಿತವಾಗಿತ್ತು.

ಇಂದುಮತಿ ಮೇಡಂ ಮೂರು ಸಲ ಲೆಕ್ಕ ಹಾಕಿದರು. ಮೂರು ಸಲವೂ ಲೆಕ್ಕ ಸರಿ ಬಂತು. ಅದೇ ಅವರಿಗೆ ತಡೆಯದಾಯಿತು. ಎರಡು ವರ್ಷದಲ್ಲಿ ಒಮ್ಮೆಯೂ ಊರಿಗೆ ಬಾರದವರು ಬಸ್ಸು ಹತ್ತಿ ಬಂದರು. ಮೆಹಬೂಬನೊಂದಿಗೆ ಈರಪ್ಪನ ಶೆಡ್ಡಿಗೆ ಹೋಗಿ, ಮಗ್ಗಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತು, ಸೆರಗು ಸರಿಸಿ ತೋಳು ಚಾಚಿದರು.

ದಾನಮ್ಮ ಪಟ್ಟಿ ಕಟ್ಟಿದಳು. ನಾನು ಏರಿದೆ, ಇಳಿದೆ. ಅವಳು ನೂರಾ ಇಪ್ಪತ್ನಾಲ್ಕು ಎಂದು ಬರೆದು ತೋರಿಸಿದಳು.

“ನಿನ್ನೆ ನಮ್ಮ ಡಾಕ್ಟರು ನೂರಾ ಅರವತ್ನಾಲ್ಕು ಅಂದ್ರಲ್ಲವಾ! ಒಂದ ದಿನಕ್ಕ ನಲವತ್ತು ಎಲ್ಲಿ ಹೋತು?” ಎಂದು ಕೂಗಿದ ಮೇಡಂ, ಸ್ಟೆತಾಸ್ಕೋಪನ್ನು ಕಸಿದು ತಮ್ಮ ಕಿವಿಗೇ ಇಟ್ಟುಕೊಂಡರು. ಮತ್ತೆ ಒತ್ತಿಸಿದರು, ಮತ್ತೆ ಬಿಡಿಸಿದರು. ಅವರಿಗೂ ಖಟಾಖಟ್ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಹುಡುಗಿಯಂತೆ ಎದ್ದು ನಿಂತರು. “ಗದ್ದಲ! ತಪ್ಪು ಈ ಗದ್ದಲದ್ದು! ಮೆಹಬೂಬ, ಮಗ್ಗ ನಿಲ್ಲಸಪಾ!”

ಮಗ್ಗಗಳು ನಿಂತವು. ಅಂಥ ಮೌನ ನನಗೇ ಹೊಸದು. ಮತ್ತೊಮ್ಮೆ ಪಟ್ಟಿ ಕಟ್ಟಿದಳು ದಾನಮ್ಮ. ಈ ಸಲ ನೂರಾ ನಲವತ್ತಾರು.

“ಇನ್ನೂ ಹದಿನೆಂಟು ಕಮ್ಮಿ,” ಎಂದ ಮೇಡಂ ತಾವೇ ಸಮಾಧಾನ ಮಾಡಿಕೊಂಡರು. “ಇರ್ಲಿ, ಮುಂಜಾನೆ ಗುಳಿಗಿ ನುಂಗೀನಿ. ಅದರದ ಇರ್ತದ.”

ನಾನು ಚಡಪಡಿಸಿದೆ. ದಾನಮ್ಮನಿಗೆ ದಾರಿ ಸಿಕ್ಕಿತ್ತು. ತಪ್ಪೆಲ್ಲ ಗದ್ದಲದ ತಲೆಗೆ, ಉಳಿದದ್ದು ಗುಳಿಗೆಯ ತಲೆಗೆ. ಬಾಯಿ ಮುಚ್ಚಿಕೊಂಡರೆ ಕೋಟು ಉಳಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು. ಮತ್ತೆ ಇನ್ನೂರ ನಲವತ್ತು ಸುಳ್ಳು ಸಂಖ್ಯೆಗಳು ಬೆಂಗಳೂರಿಗೆ ಹೋಗುತ್ತಿದ್ದವು. ಈರಪ್ಪ ಪಕ್ಕದಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಅವಳು ಅವನನ್ನು ನೋಡಿದಳು.

“ಗುಳಿಗಿ ಅಲ್ರಿ ಮೇಡಂ, ನನ್ನ ಕಿವಿ,” ಎಂದಳು. “ಮಗ್ಗ ನಿಂತ್ರೂ ಮೊದಲಿನ ಸಪ್ಪಳ ನನಗ ಸಿಗೂದಿಲ್ರಿ. ಬಲಗಡಿದು ಪೂರಾ ಹೋಗೇತಿ, ಎಡಗಡಿದು ಅರ್ಧ. ಹೇಳಿದ್ರ ಕೆಲಸ ಹೋಗತೈತಿ ಅಂತ ಹೇಳಲಿಲ್ರಿ.”

ಮೆಹಬೂಬ್ ಗೋಡೆಗೆ ಒರಗಿದ. ಎರಡು ವರ್ಷದ ದುಡಿಮೆ ಅವನ ಕಣ್ಣೆದುರೇ ಕಸವಾಗಿತ್ತು. ಮೇಡಂ ನೋಟ್‌ಬುಕ್ ತೆಗೆದರು.

“ಮಗ್ಗದ ಬಾಜೂಕ ಎಷ್ಟ ವರ್ಷ ಕೂತಿದ್ಯವಾ?”

“ಎಂಟ ವರ್ಷದಾಕಿ ಇದ್ದಾಗಿಂದ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತೀನ್ರಿ. ಹತ್ತೊಂಬತ್ತು ಆಗೂತನಕ.”

ಮೇಡಂ ಬರೆದುಕೊಂಡರು. ಒಬ್ಬಳು ತನ್ನ ಬದುಕನ್ನೇ ಬಿಚ್ಚಿ ಮುಂದಿಟ್ಟಾಗ ಈ ಹೆಂಗಸು ಅಂಕಿ ಬರೆಯುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ದಾನಮ್ಮ ಕೋಟು ಬಿಚ್ಚಿ ಮಡಚಿ ನನ್ನ ಪಕ್ಕದಲ್ಲಿಟ್ಟು ಹೋದಳು.

ಆ ಬರಹ ಏಕೆಂದು ನನಗೆ ತಿಳಿದದ್ದು ತಿಂಗಳಾದ ಮೇಲೆ. ಮೇಡಂ ತಾವೇ ಸಮಿತಿಗೆ ಕಾಗದ ಬರೆದು, ತಮ್ಮ ವರದಿ ತಪ್ಪೆಂದು ಒಪ್ಪಿಕೊಂಡು ಸಭೆ ಮುಂದೂಡಿಸಿದ್ದರು. ಅಂಥ ಕಾಗದ ಬರೆಯುವುದು ಓದಿದವರಿಗೆ ಸುಲಭವಲ್ಲ. ಆಮೇಲೆ ಅಷ್ಟೂ ನೇಕಾರರ ಕಿವಿ ಪರೀಕ್ಷೆಗೆ ಕಿವಿಯ ಡಾಕ್ಟರನ್ನು ಊರಿಗೆ ಕರೆತಂದರು. ಮೆಹಬೂಬ್ ದಾನಮ್ಮನ ಮನೆಗೆ ಹೋಗಿ, “ಬರ್ರಿ ಅಕ್ಕಾರ, ಮೊದಲ ನಿಮ್ದ ನೋಡಬೇಕಂತ,” ಎಂದು ಕರೆದುಕೊಂಡು ಬಂದ. ಇನ್ನೂರ ನಲವತ್ತು ನೇಕಾರರ ಪಟ್ಟಿಗೆ ಅವಳು ಇನ್ನೂರ ನಲವತ್ತೊಂದನೆಯ ಹೆಸರಾಗಿ ಸೇರಿದಳು.

ಬೇರೊಬ್ಬ ನರ್ಸ್ ಬಂದು, ಮಗ್ಗ ನಿಲ್ಲಿಸಿ, ನನ್ನಿಂದಲೇ ಎಲ್ಲರನ್ನೂ ಮತ್ತೆ ಅಳೆದಳು. ಈರಪ್ಪನ ನಿಜ ಹೊರಬಿತ್ತು, ಅವನಿಗೆ ಗುಳಿಗೆ ಶುರುವಾಯಿತು. ಪ್ಯಾಡಿನಿಂದ ಬಿ.ಪಿ. ಇಳಿದದ್ದು ಬರೀ ಮೂರು ಅಂಕಿ. ಅಷ್ಟಕ್ಕೆ ಯಾವ ಸಮಿತಿಯೂ ಏಳುವುದಿಲ್ಲ. ಸಮಿತಿ ಎದ್ದು ಕೂತದ್ದು ಕಿವಿ ಪರೀಕ್ಷೆಯ ಪಟ್ಟಿ ನೋಡಿ. ಇನ್ನೂರ ನಲವತ್ತೊಂದರಲ್ಲಿ ನೂರಾ ಎಪ್ಪತ್ತೆರಡು ಜನರ ಕಿವಿ ಹಾಳಾಗಿತ್ತು, ಯಾರೂ ದೂರು ಹೇಳಿರಲಿಲ್ಲ. ಪ್ಯಾಡು ಒಪ್ಪಿಗೆಯಾಯಿತು. ಗದ್ದಲ ಏನು ಮಾಡುತ್ತದೆಂದು ಇಷ್ಟು ಓದಿದವರೆಲ್ಲ ತೋಳಿನಲ್ಲಿ ಹುಡುಕುತ್ತಿದ್ದರು. ಅದು ಪಟ್ಟಿ ಕಟ್ಟುವವಳ ತಲೆಯಲ್ಲೇ ಇತ್ತು.

ಈಗ ನನಗೆ ವಯಸ್ಸಾಗಿದೆ. ಪಾದರಸ ವಿಷವೆಂದು ನಮ್ಮ ಜಾತಿಯನ್ನೇ ಆಸ್ಪತ್ರೆಗಳಿಂದ ತೆಗೆಯುತ್ತಿದ್ದಾರೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕಾಲೇಜಿನ ಸ್ಟೋರಿನಲ್ಲಿ ಇಟ್ಟಿದ್ದಾರೆ. ಒಯ್ಯುವ ಗಾಡಿ ಇನ್ನೂ ಬಂದಿಲ್ಲ, ಕಾಯುವುದು ನನಗೆ ಈಗಲೂ ಬರುವುದಿಲ್ಲ. ನನ್ನ ಜಾಗಕ್ಕೆ ಬಂದದ್ದು ಆ ಪೀಂ ಎನ್ನುವ ಡಬ್ಬಿ. ಗುಂಡಿ ಒತ್ತಿದರೆ ತಾನೇ ಒತ್ತಡ ಅಳೆದು ಅಂಕಿ ತೋರಿಸುತ್ತದಂತೆ. ಕೇಳಿ ಹೊಟ್ಟೆಕಿಚ್ಚುಪಟ್ಟೆ.

ಮೊನ್ನೆ ಹೊಸ ಡಬ್ಬಿ ಒಯ್ಯಲು ಬಂದ ಮೆಹಬೂಬ್ ಸ್ಟೋರಿನವನ ಹತ್ತಿರ ಮಾತಾಡುತ್ತಿದ್ದ. ಹೊಸ ಡಬ್ಬಿಗೆ ಕೇಳುವ ಕಿವಿಯೇ ಬೇಡವಲ್ಲ, ಅದಕ್ಕೆ ದಾನಮ್ಮನನ್ನೇ ಮತ್ತೆ ಕೆಲಸಕ್ಕೆ ಕರೆದಿದ್ದಾರಂತೆ. ಸ್ಟೋರಿನವನು ಕೇಳಿದ: “ಹಳೀ ಮಷೀನ ನೋಡಾಕ ಒಮ್ಮೆ ಬರ್ತಾರೇನ್ರಿ ಆ ಅಕ್ಕಾರು?”

“ಎಲ್ಲಿ ಬರ್ತಾರಪಾ,” ಎಂದ ಮೆಹಬೂಬ್. “ಶೆಡ್ಡಿನ ಮುಂದ ನಲವತ್ತ ಮಂದಿ ಬಿ.ಪಿ. ನೋಡಿಸಾಕ ಪಾಳಿ ಹಚ್ಯಾರ. ಅಕ್ಕಾರಿಗೆ ಪುರಸೊತ್ತಿಲ್ಲ.”