ಹದಿನೆಂಟು ತೂತಿನ ರಿಂಗು

"ಒಣಗಿದ ಮೇಲೆ ಮತ್ತೆ ಪಾತ್ರೆ ತೊಳೆದ ನೀರಿನ ಬಣ್ಣಕ್ಕೇ ಬಂತಲ್ಲೋ," ಎಂದಳು ಅಕ್ಕ, ಹಲ್ಲಿನಲ್ಲಿ ದಾರ ಕಡಿಯುತ್ತ.

ತಮ್ಮ ಹಲಗೆಯ ಮೇಲಿನ ಚಿತ್ರಕ್ಕೆ ಮುಖ ಹತ್ತಿರ ತಂದು ನೋಡಿದ. ಬೆಳ್ಳಿ ಬಣ್ಣದ ಆರನೆಯ ಪದರ ಅದು. ಹಚ್ಚುವಾಗ ಥಳಥಳ ಎನ್ನುತ್ತಿತ್ತು. ಮುಖ ತೊಳೆದು ಬರುವಷ್ಟರಲ್ಲಿ ಒಣಗಿ, ಹಳೆಯ ತಗಡಿನಂತೆ ಮಂಕಾಗಿ ಕೂತಿತ್ತು. ಈ ಅಕ್ರಿಲಿಕ್ ಬಣ್ಣದ ಹಣೆಬರಹವೇ ಇಷ್ಟು. ತಿದ್ದೋಣ ಅಂದುಕೊಳ್ಳುವುದರೊಳಗೆ ಒಣಗಿರುತ್ತದೆ, ಒಣಗಿದ ಮೇಲೆ ಬೇರೆಯದೇ ಬಣ್ಣವಾಗಿರುತ್ತದೆ. ಲೇತಿನ ಮೇಲೆ ನಿಜವಾದ ಲೋಹವನ್ನು ಕನ್ನಡಿಯಂತೆ ಹೊಳೆಯಿಸಬಲ್ಲ ಕೈಗೆ, ಹಲಗೆಯ ಮೇಲೆ ಒಂದು ಗೇಣು ಲೋಹ ಬರೆಯಲು ಆಗುತ್ತಿಲ್ಲವೆಂದರೆ ಯಾರಿಗೆ ಹೇಳಿಕೊಳ್ಳುವುದು?

"ಅಷ್ಟೇ ಅಲ್ಲ," ಅಕ್ಕ ಬಿಡಲಿಲ್ಲ. "ಆ ರಿಂಗು ತೀರ ದೊಡ್ಡದಾಯ್ತು. ಮೂಗಿಗಿಂತ ಮೂಗುತಿ ಭಾರ ಅಂದ ಹಾಗಿದೆ."

"ಕಾರ್ಖಾನೆ ಮಾಲೀಕರಿಗೆ ದೂರದಿಂದ ಕಾಣ್ಬೇಕಂತೆ."

"ಹಾಗಾದ್ರೆ ರಿಂಗನ್ನೇ ಬರಿ. ನೌಕೆ ಯಾಕೆ ಬೇಕು?"

ಅವನು ಕುಂಚವನ್ನು ನೀರಿನ ಲೋಟಕ್ಕೆ ಕುಕ್ಕಿದ. ಭಾನುವಾರ ಮಧ್ಯಾಹ್ನ. ಶುಕ್ರವಾರದೊಳಗೆ ಬಾಹ್ಯಾಕಾಶ ನೌಕೆಯ ಈ ಚಿತ್ರ ಮುಗಿಯಬೇಕಿತ್ತು.

ಊರ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನಿಗೆ ಲೋಹ ಕಡೆಯುವ ಲೇತಿನ ಕೆಲಸ. ವಯಸ್ಸು ಐವತ್ತೊಂದು. ಮದುವೆ ಆಗಲಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕ ತನ್ನ ಹೊಲಿಗೆ ಯಂತ್ರದ ಸಮೇತ ಬಂದು ಜೊತೆಗಿದ್ದಳು. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಮೈಕ್ರಾನ್ ಎಂದೇ ಕರೆಯುತ್ತಿದ್ದರು. ಕೂದಲಿನ ದಪ್ಪದಲ್ಲಿ ಐವತ್ತು ಪಾಲು ಮಾಡಿ ಒಂದು ಪಾಲು ತೆಗೆದುಕೊಂಡರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು, ಒಂದು ಮೈಕ್ರಾನ್. ಎರಡು ಮೈಕ್ರಾನ್ ಹೆಚ್ಚಾಯಿತೆಂದು ಮೂರು ದಿನದ ಕೆಲಸವನ್ನು ಗುಜರಿ ಡಬ್ಬಕ್ಕೆ ಎಸೆದವನು ಅವನು. ಮೊದಮೊದಲು ಹಾಸ್ಯಕ್ಕಿಟ್ಟ ಹೆಸರು, ಆಮೇಲೆ ಮರ್ಯಾದೆಯ ಹೆಸರೇ ಆಗಿಹೋಯಿತು.

ಆರು ವರ್ಷದ ಹಿಂದೆ ಕಾರ್ಖಾನೆಗೆ ಅಳತೆ ಗುರುತಿಸಿದ ಒಂದು ಡ್ರಾಯಿಂಗ್ ಬಂದಿತ್ತು. ಸೈಕಲ್ ಚಕ್ರದಷ್ಟಗಲದ ಒಂದು ರಿಂಗು, ಅದರ ಸುತ್ತ ಹದಿನೆಂಟು ತೂತು. ಕಾಗದದ ಮೇಲೆ ಹೆಸರಿರಲಿಲ್ಲ, ಬರೀ ನಂಬರು. "ಯಾತಕ್ಕೆ ಇದು?" ಎಂದು ಕೇಳಿದರೆ ಮಾಲೀಕರು ಆಕಾಶಕ್ಕೆ ಎಂಬಂತೆ ತೋರುಬೆರಳನ್ನು ಸೂರಿನತ್ತ ಎತ್ತಿದ್ದರು. ಮೈಕ್ರಾನ್ ಹನ್ನೆರಡು ರಿಂಗು ಕಡೆದ. ನಾಲ್ಕನ್ನು ತಾನೇ ಎಸೆದ. ಎಂಟು ಮರದ ಪೆಟ್ಟಿಗೆಯಲ್ಲಿ ಕೂತು ಹೋದವು.

ಪೆಟ್ಟಿಗೆ ಹೋದ ವಾರವೇ ಅವನು ಪುಸ್ತಕದಂಗಡಿಗೆ ಹೋಗಿ ಆರು ಬಣ್ಣದ ಟ್ಯೂಬು, ಎರಡು ಕುಂಚ ತಂದ. ಶಾಲೆ ಬಿಟ್ಟ ಮೇಲೆ ಚಿತ್ರ ಬರೆದವನೇ ಅಲ್ಲ. ತನ್ನ ಕೈಯಿಂದ ಹೋದ ವಸ್ತು ಎಲ್ಲಿ ಕೂತಿರಬಹುದು ಅನ್ನುವುದನ್ನು ಕಣ್ಣಿಂದ ನೋಡಬೇಕಿತ್ತು, ಅಷ್ಟೇ. ಮೊದಲನೆಯ ನೌಕೆ ನೋಡಿ ಅಕ್ಕ, "ಗ್ಯಾಸ್ ಸಿಲಿಂಡರಿಗೆ ರೆಕ್ಕೆ ಯಾಕೆ ಬಿಡಿಸಿದೀಯ?" ಎಂದು ಕೇಳಿದ್ದಳು. ಅಲ್ಲಿಂದ ಇಲ್ಲಿಯವರೆಗೆ ನಲವತ್ತೊಂದು ಚಿತ್ರ. ಬೀರುವಿನ ಹಿಂದೆ, ಮಂಚದ ಕೆಳಗೆ, ಬಚ್ಚಲಿನ ಅಟ್ಟದ ಮೇಲೆ. ಒಂದರಲ್ಲಿ ರಿಂಗು ನೌಕೆಯ ಮೂತಿಯಲ್ಲಿ, ಇನ್ನೊಂದರಲ್ಲಿ ಸೊಂಟದಲ್ಲಿ, ಮತ್ತೊಂದರಲ್ಲಿ ಬುಡದಲ್ಲಿ. ನಿಜವಾಗಿ ಎಲ್ಲಿ ಕೂತಿದೆಯೆಂದು ತಿಳಿಯದವನು ಇನ್ನೇನು ಮಾಡಿಯಾನು? ಡ್ರಾಯಿಂಗ್ ಕಳಿಸಿದ್ದ ಬಾಹ್ಯಾಕಾಶ ಸಂಸ್ಥೆಗೆ ಎರಡು ಸಲ ಪತ್ರ ಬರೆದ. ತಿಳಿಸಲು ಅವಕಾಶವಿಲ್ಲವೆಂದು ಎರಡು ಸಲವೂ ಒಂದೇ ಸಾಲಿನ ಉತ್ತರ ಬಂತು.

ಕಳೆದ ವರ್ಷ ಇಬ್ಬರನ್ನು ಕೂರಿಸಿಕೊಂಡು ನೌಕೆ ಮೇಲೆ ಹೋದಾಗ, ಮಾಲೀಕರು ಎಲ್ಲ ಯಂತ್ರ ನಿಲ್ಲಿಸಿ ಟೀವಿ ಹಾಕಿಸಿದ್ದರು. "ನಮ್ಮ ರಿಂಗು! ನಮ್ಮ ರಿಂಗು!" ಎಂದು ಕೂಗಿ, ಅಲ್ಲಿದ್ದವರಿಗೆಲ್ಲ ಕೈತುಂಬ ಸಿಹಿ ಹಂಚಿದ್ದರು. ಈಗ ಅದೇ ಸಂಸ್ಥೆಯವರು ಹೊಸ ಕೆಲಸ ಕೊಡುವ ಮೊದಲು ಕಾರ್ಖಾನೆ ನೋಡಲು ಬರುವವರಿದ್ದರು. ಮುಂಬಾಗಿಲ ಕೋಣೆಯ ಗೋಡೆಗೆ ದೊಡ್ಡ ಚಿತ್ರ ಬೇಕು, ತೆರೆದ ಬಾಗಿಲಿಂದ ಗಗನಯಾತ್ರಿ ಹೊರಗೆ ಬರುತ್ತಿರಬೇಕು, ಬಾಗಿಲ ಸುತ್ತ ನಮ್ಮ ರಿಂಗು ಮಿಂಚಬೇಕು ಎಂದು ಮಾಲೀಕರ ಅಪ್ಪಣೆ.

"ಬಾಗಿಲ ಹತ್ರಾನೇ ಇತ್ತು ಅಂತ ಹೇಗೆ ಹೇಳ್ತೀರಿ?" ಎಂದು ಮೈಕ್ರಾನ್ ಕೇಳಿದ್ದ.

"ಅಲ್ಲಿರಲಿಲ್ಲ ಅಂತ ನೀನು ಹೇಗೆ ಹೇಳ್ತೀಯ?" ಎಂದು ಮಾಲೀಕರು ಬಾಯಿ ಮುಚ್ಚಿಸಿದ್ದರು.

ಗಗನಯಾತ್ರಿಯ ದಿರಿಸು ಮಾತ್ರ ಈ ಸಲ ಚೆನ್ನಾಗಿ ಬಂದಿತ್ತು. ಅದು ಅಕ್ಕನ ಪುಣ್ಯ. "ಒಳಗೆ ಗಾಳಿ ತುಂಬಿದ ಬಟ್ಟೆಗೆ ಮಂಡಿ ಹತ್ರ ಹೀಗೆ ನೆರಿಗೆ ಬೀಳಲ್ಲ ಕಣೋ. ಉಬ್ಬುತ್ತೆ, ಸಂದಿಯಲ್ಲಿ ಮಾತ್ರ ಮುರಿಯುತ್ತೆ," ಎಂದು ಅವಳೇ ದಿಂಬಿನ ಚೀಲ ಮಡಿಸಿ ತೋರಿಸಿದ್ದಳು. ಆದರೂ, "ಬಸ್ಸಿಗೆ ಕಾಯೋನ ಹಾಗೆ ನಿಂತಿದಾನೆ," ಅನ್ನುವುದನ್ನು ಬಿಡಲಿಲ್ಲ.

ಬುಧವಾರ ಬೆಳ್ಳಿ ಬಣ್ಣವನ್ನೆಲ್ಲ ಕೆರೆದು ತೆಗೆದು, ಬೂದು ಬಿಳುಪು ನೀಲಿಗಳಲ್ಲೇ ರಿಂಗನ್ನು ಮತ್ತೆ ಬರೆದ. ಸುಮಾರಾಗಿ ಲೋಹದಂತೆ ಕಂಡಿತು. ಗುರುವಾರ ಹೊತ್ತೊಯ್ದು ಗೋಡೆಗೆ ಹಾಕಿದರು.

ಶುಕ್ರವಾರ ಬಂದವರು ಮೂವರು. ಅವರಲ್ಲಿ ಮುಖ್ಯಳಾದವಳು ನಲವತ್ತರ ಆಸುಪಾಸಿನ ಒಬ್ಬ ಎಂಜಿನಿಯರಮ್ಮ. ಚಿತ್ರದ ಮುಂದೆ ಅವಳು ತಾನಾಗಿಯೇ ನಿಂತಳು. ಮಾಲೀಕರು ಓಡಿಹೋಗಿ ಮೈಕ್ರಾನನ ಭುಜ ಹಿಡಿದು ಎಳೆದುಕೊಂಡು ಬಂದರು.

"ದಿರಿಸು ತುಂಬ ಚೆನ್ನಾಗಿ ಬರೆದಿದೀರಿ," ಎಂದಳು ಅವಳು. "ಬಾಗಿಲ ಸುತ್ತ ಇದೇನು?"

"ನಮ್ಮ ರಿಂಗು ಮೇಡಂ! ಹದಿನೆಂಟು ತೂತು, ಎಣಿಸಿ ಬೇಕಾದ್ರೆ!" ಎಂದರು ಮಾಲೀಕರು.

ಅವಳು ಎಣಿಸುವವಳಂತೆ ಸ್ವಲ್ಪ ಹೊತ್ತು ನೋಡಿದಳು. "ಓ," ಎಂದಳು. ಒಳಗೆ ನಡೆದಳು.

ಮೂವತ್ತು ವರ್ಷ ಲೇತಿನ ಸದ್ದು ಕೇಳಿದವನಿಗೆ, ಎಲ್ಲಿ ಉಳಿ ತಪ್ಪಿ ತಗುಲಿತು ಅನ್ನುವುದು ಕಿವಿಗೇ ತಿಳಿಯುತ್ತದೆ. ಆ 'ಓ' ಅವನಿಗೆ ಹಾಗೆ ಕೇಳಿಸಿತು. ಮಧ್ಯಾಹ್ನ ಅವಳು ಯಂತ್ರಗಳನ್ನು ನೋಡುತ್ತ ಅವನ ಲೇತಿನ ಬಳಿ ಬಂದಾಗ ಯಂತ್ರ ನಿಲ್ಲಿಸಿ ಕೇಳಿಯೇಬಿಟ್ಟ. "ಮೇಡಂ, ರಿಂಗು ಬಾಗಿಲ ಹತ್ರ ಅಲ್ವಾ? ಎಲ್ಲಿ ಕೂತಿದೆ ಹೇಳಿ, ಸರಿಮಾಡ್ತೀನಿ."

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಈಗ ಹೇಳಿದ್ರೆ ತಪ್ಪಿಲ್ಲ. ಆ ವಿನ್ಯಾಸವನ್ನೇ ಕೈಬಿಟ್ಟಾಗಿದೆ. ಬಾಗಿಲ ಚೌಕಟ್ಟಿಗೆ ಅಂತಾನೇ ಮಾಡಿಸಿದ್ದು, ನಿಮ್ಮ ಊಹೆ ಸರಿ. ಆದ್ರೆ ಅದು ಮೇಲೆ ಹೋಗ್ಲಿಲ್ಲ."

"ಎಂಟು ಕಳಿಸಿದ್ವಲ್ಲ."

"ಎಂಟನ್ನೂ ಪರೀಕ್ಷೆಗೇ ಹಾಕಿದ್ವಿ. ಪ್ರೆಸ್ಸಿನಲ್ಲಿಟ್ಟು ಒಡೆಯೋವರೆಗೂ ಒತ್ತೋದು. ಎಂಟೂ ಒಡೆದ್ವು. ಬಿರುಕು ತೂತಿನಿಂದ ತೂತಿಗೆ ಹೋಯ್ತು. ತಪ್ಪು ನಿಮ್ಮದಲ್ಲ, ನಮ್ಮ ಡ್ರಾಯಿಂಗಿನದು. ಆಮೇಲೆ ತೂತೇ ಇಲ್ಲದ ಚೌಕಟ್ಟು ಮಾಡಿದ್ವಿ. ಮೇಲೆ ಹೋಗಿದ್ದು ಅದು."

ಅವನು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿದ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಅದರಿಂದ ನಾವು ತುಂಬ ಕಲಿತ್ವಿ," ಎಂದಳು ಅವಳು ಮೃದುವಾಗಿ. ಅಷ್ಟರಲ್ಲಿ ಮಾಲೀಕರು ಟೀ ಬಂತೆಂದು ಕರೆದರು.

ಕಲಿತರಂತೆ! ಸಂಜೆ ಯಂತ್ರ ಒರೆಸುವಾಗಲೂ ಆ ಮಾತು ಅವನ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಸಂಸ್ಥೆಯವರು ಹೋದ ಕೂಡಲೆ ಮಾಲೀಕರ ಬಳಿ ಹೋಗಿ ವಿಷಯ ತಿಳಿಸಿ, "ಚಿತ್ರ ಇಳಿಸಿಬಿಡಿ," ಎಂದ.

"ನನಗೂ ಹೇಳಿದ್ರು," ಎಂದರು ಮಾಲೀಕರು, ಕಾಗದಗಳಿಂದ ಕಣ್ಣೆತ್ತದೆ. "ಅದಕ್ಕೇನೀಗ? ಬರೋರು ಹೋಗೋರು ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ."

"ನೋಡು ಮೈಕ್ರಾನ್, ನಿನ್ನ ಮನೇಲಿ ನಲವತ್ತು ಚಿತ್ರ ಇದೆಯಂತೆ. ಅದನ್ನೆಲ್ಲ ಏನು ಬೇಕಾದ್ರೂ ಮಾಡ್ಕೋ. ಈ ಗೋಡೆದು ಕಾರ್ಖಾನೆದು. ಮುಟ್ಬೇಡ."

ಮನೆಗೆ ಬಂದವನು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಮಂಚದ ಕೆಳಗೆ ತೂರಿ ಹಲಗೆಗಳನ್ನು ಒಂದೊಂದಾಗಿ ಎಳೆಯತೊಡಗಿದ. ಅಕ್ಕ ಯಾರದೋ ಪ್ಯಾಂಟು ಗಿಡ್ಡ ಮಾಡುತ್ತಿದ್ದವಳು ಯಂತ್ರ ನಿಲ್ಲಿಸಿದಳು. ಅವನು ಎಳೆಯುತ್ತಲೇ ನಡೆದದ್ದನ್ನೆಲ್ಲ ಹೇಳಿದ. ನೆಲದ ತುಂಬ ನೌಕೆಗಳು, ಕಾಲಿಡಲು ಜಾಗವಿಲ್ಲ.

"ಆರು ವರ್ಷ ಕಂಡಕಂಡೋರಿಗೆಲ್ಲ ಹೇಳ್ಕೊಂಡು ಬಂದೆ ಅಕ್ಕ. ಹಾಲಿನವನಿಗೆ ಹೇಳಿದೆ. ಹಲ್ಲು ಕೀಳಿಸ್ಕೊಳ್ಳೋಕೆ ಹೋದಾಗ ಡಾಕ್ಟರಿಗೆ ಹೇಳಿದೆ. ಬಾಯಲ್ಲಿ ಹತ್ತಿ ಇಟ್ಕೊಂಡೇ ಹೇಳಿದೆ."

ಅಕ್ಕನಿಗೆ ನಗು ಬಂತು. ತಡೆದುಕೊಂಡಳು. "ಒಡೆಯೋಕೇ ಅಂತ ಮಾಡಿಸಿದ್ದು ಒಡೀತು. ಅದಕ್ಯಾಕೆ ಹೀಗಾಡ್ತೀಯ?"

"ಒಡೆಯೋಕೆ ಅಂತ ಗೊತ್ತಿದ್ದಿದ್ರೆ ನಾಲ್ಕನ್ನ ಯಾಕೆ ಎಸೀತಿದ್ದೆ? ಎರಡು ಮೈಕ್ರಾನಿಗೆ! ರಾತ್ರಿ ಹಗಲು ಕೂತು!" ಅವನ ಧ್ವನಿ ಏರಿತು. "ನಿನಗೇನು ಗೊತ್ತು ಇದೆಲ್ಲ. ಪ್ಯಾಂಟು ಒಂದು ಬೆರಳು ಆಚೀಚೆ ಆದ್ರೂ ನಡೆಯುತ್ತೆ."

ಹೇಳಬಾರದಿತ್ತು. ಅಕ್ಕ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. "ಹೌದಪ್ಪ, ನಮ್ಮದೆಲ್ಲ ನಡೆಯುತ್ತೆ. ನಿನ್ನ ನೌಕೆಗಳ ಕಾಟಕ್ಕೆ ಆರು ವರ್ಷದಿಂದ ಮಂಚದ ಕೆಳಗೆ ಪೊರಕೆ ಆಡಿಸಿಲ್ಲ, ಅದೂ ನಡೀತು." ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು.

ಶನಿವಾರ ಅಕ್ಕ ಅವನ ತಟ್ಟೆ ಮುಚ್ಚಿಟ್ಟು ಬೇಗ ಮಲಗಿದಳು. ಭಾನುವಾರ ಅವನು ಕುಂಚ ಮುಟ್ಟಲಿಲ್ಲ. ಗೋಡೆಗೆ ಒರಗಿಸಿಟ್ಟ ಹಲಗೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಸಂಜೆ ಅಕ್ಕ ಬಂದು ಪಕ್ಕದಲ್ಲಿ ನಿಂತಳು.

"ಎಲ್ಲಾದರಲ್ಲೂ ಅಳಿಸ್ತೀಯಾ?"

"ಇಲ್ಲ. ಇವು ನಾನು ಅಂದ್ಕೊಂಡಿದ್ದು, ಇರ್ಲಿ. ಆ ಗೋಡೆ ಮೇಲಿರೋದು ಸುಳ್ಳು."

"ಮಾಲೀಕರು ಕೆಲಸದಿಂದ ತೆಗೆದ್ರೆ?"

"ತೆಗೀಲಿ."

ಅವಳು ಬಣ್ಣದ ಟ್ಯೂಬುಗಳನ್ನು ಒತ್ತಿ ನೋಡಿ, "ಬೂದಿ ಬಣ್ಣದ ಟ್ಯೂಬು ಮುಗಿದಿದೆ. ಕಪ್ಪು ಬಿಳಿ ಬೆರೆಸ್ಕೋ," ಎಂದು ಹೇಳಿ ದೀಪ ಹಾಕಲು ಹೋದಳು.

ಸೋಮವಾರ ಪಾಳಿಗೆ ಒಂದು ಗಂಟೆ ಮೊದಲೇ ಹೋದ. ಕಾವಲುಗಾರ ಏನೂ ಕೇಳದೆ ಬಾಗಿಲು ತೆಗೆದ. ಮುಂಬಾಗಿಲ ಕೋಣೆಯಲ್ಲಿ ಸ್ಟೂಲು ಹತ್ತಿ, ಗಗನಯಾತ್ರಿಯ ಭುಜದ ಮೇಲಿಂದ ಆರಂಭಿಸಿ ಒಂದೊಂದೇ ತೂತು ಮುಚ್ಚುತ್ತ ಬಂದ. ನೌಕೆಯ ಮೈಗೆ ಹೊಂದುವ ಬೂದಿ ಬಣ್ಣ ಬೆರೆಸಲು ಎಷ್ಟು ಹೆಣಗಿದರೂ ಅದೇ ಬಣ್ಣ ಬರಲಿಲ್ಲ. ಮೊದಲು ಕಪ್ಪು ಹೆಚ್ಚಾಯಿತು, ಆಮೇಲೆ ಬಿಳಿ. ಮುಚ್ಚಿದಷ್ಟೂ ಬಾಗಿಲ ಸುತ್ತ ತೇಪೆ ಹಾಕಿದಂಥ ಒಂದು ಅಗಲ ಪಟ್ಟಿ ಮೂಡುತ್ತ ಹೋಯಿತು. ಹನ್ನೊಂದು ತೂತು ಮುಚ್ಚಿಯಾಗಿತ್ತು, ಮೆಟ್ಟಿಲ ಮೇಲೆ ಮಾಲೀಕರ ಧ್ವನಿ ಕೇಳಿಸಿತು.

"...ಒಳಗೆ ಬನ್ನಿ, ಮೊದಲು ಇದನ್ನ ನೋಡಿ. ಆಕಾಶಕ್ಕೆ ಹೋದ ನಮ್ಮ—"

ಜೊತೆಗಿದ್ದವರು ಪಂಪು ತಯಾರಿಸುವ ಕಾರ್ಖಾನೆಯ ಯಜಮಾನರು, ತಲೆ ಪೂರ್ತಿ ಬೆಳ್ಳಗಿದ್ದ ಹಿರಿಯರು. ಇಬ್ಬರೂ ಬಾಗಿಲಲ್ಲೇ ನಿಂತರು. ಮಾಲೀಕರ ಕೈ ಚಿತ್ರದತ್ತ ಎತ್ತಿದ್ದು ಎತ್ತಿದಂತೆಯೇ ಇತ್ತು.

ಮೈಕ್ರಾನ್ ಸ್ಟೂಲಿನಿಂದ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲಾರೆ ಅನ್ನಿಸಿತು. "ಅದು ಆಕಾಶಕ್ಕೆ ಹೋಗ್ಲಿಲ್ಲ ಸಾರ್," ಎಂದು ಹಿರಿಯರಿಗೇ ಹೇಳಿದ. "ಎಂಟು ಮಾಡಿ ಕಳಿಸಿದ್ವಿ. ಪರೀಕ್ಷೆಯಲ್ಲಿ ಪ್ರೆಸ್ಸಿಗೆ ಹಾಕಿ ಒತ್ತಿದ್ರು. ಎಂಟೂ ಒಡೆದುಹೋದ್ವು."

ಮಾಲೀಕರ ಮುಖ ಕೆಂಪಗಾಯಿತು. ಹೊರಗೆ ಯಾರೋ ಕಬ್ಬಿಣದ ಸರಳುಗಳನ್ನು ಇಳಿಸುತ್ತಿದ್ದ ಸದ್ದು.

ಹಿರಿಯರು ಮಾತ್ರ ಚಿತ್ರದ ಹತ್ತಿರ ಬಂದು, ಇನ್ನೂ ಉಳಿದಿದ್ದ ಏಳು ತೂತುಗಳನ್ನು ಕತ್ತು ಚಾಚಿ ನೋಡಿದರು. "ಎಷ್ಟಕ್ಕೆ ಒಡೀತು?"

"ಅಂದ್ರೆ?"

"ಎಷ್ಟು ಟನ್ನು ತಡ್ಕೊಂಡು ಒಡೀತು ಅಂತ. ನಮ್ಮ ಪಂಪಿನ ಮುಚ್ಚಳಗಳನ್ನ ನಾವೂ ಒಡೆದೇ ನೋಡೋದು. ಎಂಟೂ ಒಂದೇ ಲೆಕ್ಕಕ್ಕೆ ಒಡೆದ್ವಾ? ಒಂದೊಂದು ಒಂದೊಂದು ಲೆಕ್ಕಕ್ಕಾ? ಒಂದೇ ಲೆಕ್ಕಕ್ಕೆ ಒಡೆದಿದ್ರೆ ಮಾಡಿದ ಕೈ ಕರಾರುವಾಕ್ಕು ಅಂತ."

ಅವನ ಕೈಯ ಕುಂಚ ಅಲ್ಲೇ ನಿಂತಿತು. ಎರಡು ಮೈಕ್ರಾನಿಗೆ ಮೂರು ದಿನದ ಕೆಲಸ ಎಸೆದವನು, ಎಂಜಿನಿಯರಮ್ಮ ಮೂರು ಮೊಳ ದೂರದಲ್ಲಿ ನಿಂತಿದ್ದಾಗ ಇದೊಂದು ಸಂಖ್ಯೆ ಕೇಳಲಿಲ್ಲ. ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಭಾನುವಾರವಿಡೀ ಹಲಗೆಗಳ ಮುಂದೆ ಕೂತಾಗಲೂ ಅದು ಹೊಳೆಯಲಿಲ್ಲ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಗೊತ್ತಿಲ್ಲ," ಎಂದ. "ಕೇಳ್ಲಿಲ್ಲ."

"ಕೇಳ್ಬೇಕಿತ್ತು," ಎಂದರು ಹಿರಿಯರು, ಯಾವ ಕಟಕಿಯೂ ಇಲ್ಲದೆ.

ಮಾಲೀಕರು ಅವನನ್ನು ಅಡಿಯಿಂದ ಮುಡಿಯವರೆಗೆ ದುರುಗುಟ್ಟಿ ನೋಡಿದರು. ಈಗ ಬೈಯುತ್ತಾರೆ ಎಂದು ಅವನು ಕಾದ. ಅವರು ಬೈಯಲಿಲ್ಲ. ಮೇಜಿನ ಖಾನೆ ಎಳೆದು, ಒಳಗೆಲ್ಲ ತಡಕಾಡಿ ಎಂಜಿನಿಯರಮ್ಮನ ನಂಬರಿದ್ದ ಚೀಟಿ ಹುಡುಕಿ ತೆಗೆದರು. ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಅಂಕಿ ಒತ್ತಿದರು. ಆ ಕಡೆ ಗಂಟೆ ಹೊಡೆಯತೊಡಗಿದ್ದು ಕೇಳಿಸಿದ ಮೇಲೆ ಟೆಲಿಫೋನಿನ ರಿಸೀವರನ್ನು ಅವನತ್ತ ಚಾಚಿದರು.

"ಇಳಿ. ನೀನೇ ಕೇಳು."

ಅವನು ಇಳಿದ. ರಿಸೀವರಿನ ಮೇಲೆ ಬೂದಿ ಬಣ್ಣದ ಬೆರಳ ಗುರುತುಗಳು ಮೂಡಿದವು. ಹಿರಿಯರು ತಮ್ಮ ಜೇಬಿನ ಪೆನ್ನು ತೆಗೆದು ಕೊಟ್ಟರು. ಅವನು ಮೇಜಿನ ಮೇಲೆ ಬಿದ್ದಿದ್ದ ಯಾವುದೋ ಹಳೆಯ ಲಕೋಟೆಯನ್ನು ಮಗುಚಿ, ಅದರ ಮೇಲೆ ಒಂದರ ಕೆಳಗೊಂದು ಎಂಟು ಸಲ 'ಟನ್' ಎಂದು ಬರೆದುಕೊಂಡ. ಪ್ರತಿ ಸಾಲಿನಲ್ಲೂ ಅದರ ಹಿಂದೆ ಅಂಕಿಗೆ ಜಾಗ ಬಿಟ್ಟು, ಕಿವಿಗೊಟ್ಟು ನಿಂತ.