ಕಂಚು ಗಣಿಯಲ್ಲಿ ಸಿಗುವುದಿಲ್ಲ

ನಾನು ಒಂದು ಕಂಚಿನ ಜಾಗಟೆ. ನನಗೆ ಎರಡು ಹುಟ್ಟು. ಮೊದಲ ಸಲ ಹುಟ್ಟಿದ ದಿನವೇ ಮೂರು ಚೂರಾದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಒಡೆದವಳು ಲಿಂಗಾಜಮ್ಮ. ಕಮ್ಮಾರರ ಮನೆಯಲ್ಲಿ ಹುಟ್ಟಿ ಕಂಚುಗಾರರ ಕೇರಿಗೆ ಸೊಸೆಯಾಗಿ ಬಂದವಳು. ಗಂಡನ ಬಲಗೈ ಸ್ವಾಧೀನ ತಪ್ಪಿದ ಮೇಲೆ, ಮನೆಯ ಕುಲುಮೆ ಆರಬಾರದೆಂದು ತಾನೇ ಸುತ್ತಿಗೆ ಹಿಡಿದಳು. ಊರ ಬಾಯಿಗೆ ಬೀಗ ಹಾಕುವವರಾರು? "ಕಬ್ಬಿಣ ಬಡಿಯೋರ ಮಗಳು ಕಂಚುಗಾರಿಕೆ ಮಾಡ್ತಾಳಂತೆ!" ಎಂದು ಕೇರಿಯವರು ನಕ್ಕರು. ಕಂಚುಗಾರ ಎಂಬ ಹೆಸರು ತನಗೂ ಸಲ್ಲಬೇಕೆಂದು ಅವಳಿಗೆ ಬಲು ಆಸೆ.

ನಾನು ಮೊದಲು ಹುಟ್ಟಿದ ದಿನ ಮಾವ ಮೌನಾಚಾರಿ ಎಲೆಯಡಿಕೆಗೆಂದು ಎದ್ದುಹೋಗಿದ್ದ. ಹೆಸರಿಗೆ ಮೌನ, ಮಾತಿಗೆ ಕೂತರೆ ನನ್ನನ್ನೂ ಮೀರಿಸುವ ಮುದುಕ. ಕೆಂಪಗೆ ಕಾದ ನನ್ನನ್ನು ನೀರಿಗೆ ಅದ್ದಬೇಕಿತ್ತು. ಕಾದ ಕಬ್ಬಿಣ ನೀರಿಗೆ ಬಿದ್ದರೆ ಪೆಡಸಾಗುವುದನ್ನು ತವರಿನಲ್ಲಿ ಕಂಡಿದ್ದ ಲಿಂಗಾಜಮ್ಮ, ಕನಿಕರದಿಂದ ನನ್ನನ್ನು ಬೂದಿಯಲ್ಲಿ ಮಲಗಿಸಿದಳು. ಆರಿದ ಮೇಲೆ ಒಂದೇ ಪೆಟ್ಟು, ಮೂರು ಚೂರು. ಅವಳು ಸುತ್ತಿಗೆ ಬಿಸುಟು ಅತ್ತಳು.

ಮೌನಾಚಾರಿ ಬಂದು ನೋಡಿದ. "ಕಂಚು ಕಬ್ಬಿಣದ ಥರ ಅಲ್ಲ ಕಣಮ್ಮ. ನೀರು ಕುಡಿದ್ರೇನೇ ಅದು ಪೆಟ್ಟಿಗೆ ಬಗ್ಗೋದು."

"ಇದೆಲ್ಲ ಹುಟ್ಟಿನಿಂದ ಬರ್ಬೇಕು ಮಾವ. ನಾನು ಕಮ್ಮಾರರೋಳು."

"ಯಾರು ಹೇಳಿದ್ದು? ತಾಮ್ರ ಗಣೀಲಿ ಸಿಗುತ್ತೆ, ತವರ ಗಣೀಲಿ ಸಿಗುತ್ತೆ. ಕಂಚು ಎಲ್ಲಾದ್ರೂ ಅಗೆದ್ರೆ ಸಿಗುತ್ತಾ? ಯಾರೋ ಎರಡನ್ನೂ ಬೆಂಕೀಲಿ ಕೂಡಿಸ್ಬೇಕು. ಹಂಗೆ ಕೂಡಿಸಿದೋರ್ನ ಕಂಚುಗಾರ ಅಂದ್ರು ಅಂತ ನಮ್ಮಜ್ಜ ಹೇಳೋನು. ಕಂಚೇ ಹುಟ್ಟಿಬಂದಿದ್ದಲ್ಲ, ಇನ್ನು ಕಂಚುಗಾರ ಎಲ್ಲಿಂದ ಹುಟ್ಟಿಬರ್ತಾನೆ? ಏಳು, ಚೂರನ್ನೆಲ್ಲ ಮೂಸೆಗೆ ಹಾಕು."

ಮೂಸೆಯಲ್ಲಿ ಕರಗಿ ಮತ್ತೆ ಬಿಲ್ಲೆಯಾದೆ. ಈ ಸಲ ಅವಳು ಕಣ್ಣು ಮುಚ್ಚಿಕೊಂಡು ನನ್ನನ್ನು ನೀರಿಗೆ ಅದ್ದಿದಳು. ಚುಂಯ್ ಎಂದೆ. ಎರಡು ದಿನ ಪೆಟ್ಟು ತಿಂದರೂ ಬಿರಿಯಲಿಲ್ಲ. ಮೊದಲ ಸಲ ನಾನು ದನಿ ತೆಗೆದಾಗ ಅವಳು ಮತ್ತೆ ಅತ್ತಳು, ಸಂತೋಷಕ್ಕೆ.

ಭಜನೆ ಮನೆಯಲ್ಲಿ ಹತ್ತು ವರ್ಷ, ಒಂದು ಹಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷ ದುಡಿದೆ. ಊಟದ ಹೊತ್ತಿಗೆ ಬಾರಿಸಿದರೆ ಮಕ್ಕಳಿಗೆ ನಾನು ಪ್ರಾಣ, ಗಣಿತದ ಪಾಠಕ್ಕೆ ಬಾರಿಸಿದರೆ ಹಗೆ. ನಡು ಸವೆಯಿತು. ಕರೆಂಟಿನ ಗಂಟೆ ಬಂದ ಮೇಲೆ ಮೂಲೆ ಸೇರಿದೆ. ಎಸೆಯಲು ಮನಸ್ಸು ಬಾರದೆ ಮೇಷ್ಟ್ರು ನನ್ನನ್ನು ಸರಿಮಾಡಿಸಲು ಕೇರಿಗೆ ಹೊತ್ತು ತಂದರು.

ಒಂದೇ ಕುಲುಮೆ ಉರಿಯುತ್ತಿತ್ತು. ಅದರ ಮುಂದೆ ಲಿಂಗಾಜಮ್ಮ, ತಲೆಯೆಲ್ಲ ಬೆಳ್ಳಗೆ.

"ಅಜ್ಜೀ, ಕಂಚುಗಾರರು ಇದಾರಾ?" ಎಂದರು ಮೇಷ್ಟ್ರು.

ಅವಳು ಬೆಂಕಿಯಿಂದ ಕಣ್ಣು ತೆಗೆಯಲಿಲ್ಲ. "ನಾನೇ. ಕೊಡಿ ಇಲ್ಲಿ."

ನಲವತ್ತು ವರ್ಷ ಸದ್ದು ಮಾಡಿದ್ದೇನೆ. ಅವಳ ಆ 'ನಾನೇ' ಎಂಬ ಮಾತಿನಷ್ಟು ಇಂಪಾಗಿ ಒಂದು ಸಲವೂ ಮಾಡಲಿಲ್ಲ.