ಕಿಟಕಿಯ ಕೆಳಗಿನ ಕುಳ್ಳ ಗಿಡ

ಗಿಡಗಳ ವಿಷಯದಲ್ಲಿ ಸೊಸೆಗೆ ಈ ಲೋಕದಲ್ಲಿ ಇಬ್ಬರ ಮೇಲೆ ಮಾತ್ರ ಗೌರವ. ಒಬ್ಬಳು ತಾನು, ಇನ್ನೊಬ್ಬರು ಯಾರೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಉಳಿದವರೆಲ್ಲ ಗಿಡ ಕೊಲ್ಲುವವರೇ. ಬೇಸಿಗೆ ಮಧ್ಯಾಹ್ನ ಸುಡುವ ಪೈಪಿನ ನೀರನ್ನು ಎಲೆಗಳ ಮೇಲೆ ಸುರಿಯುವ ಪಕ್ಕದ ಮನೆಯಾಕೆ. 'ಬಿಸಿಲೂ ಬೇಡ, ನೀರೂ ಬೇಡ, ಹೂ ಮಾತ್ರ ದಿನಾ ಬಿಡಬೇಕು, ಅಂಥದ್ದೊಂದು ಕೊಡಿ' ಎಂದು ಅವಳು ಕೆಲಸ ಮಾಡುವ ನರ್ಸರಿಗೆ ಬರುವ ಗಿರಾಕಿಗಳು. ಕಳೆ ಕೀಳು ಎಂದರೆ ಸಸಿ ಕೀಳುವ ಗಂಡ. ಈ ಪಟ್ಟಿಯ ತುತ್ತತುದಿಯಲ್ಲಿ ಕೂತಿದ್ದವರು ಮಾವ.

ಮಾವ ನಲವತ್ತು ವರ್ಷ ದರ್ಜಿಯಾಗಿದ್ದವರು. ಅಂಗಡಿ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ ಮಷಿನ್ ಹಾಕಿಕೊಂಡು, ಬೀದಿಯವರ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ, ಸೊಂಟ ಸಡಿಲಿಸುತ್ತ ಕೂತಿರುತ್ತಿದ್ದರು. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ. ಅದರಿಂದ ಅವರು ಸಿಕ್ಕಿದ್ದರ ಮೇಲೆಲ್ಲ ಗೆರೆ ಎಳೆಯುವವರು. ಊಟದ ಮೇಜಿನ ಮೇಲೆ ಗೆರೆ, ದಿನಪತ್ರಿಕೆಯ ಮೇಲೆ ಗೆರೆ. ಕೊನೆಗೆ ಹೊರಗೆ, ಕಿಟಕಿಯ ಕೆಳಗಿನ ಗೋಡೆಯ ಮೇಲೂ ಒಂದು ಉದ್ದನೆಯ ನೀಲಿ ಗೆರೆ. ಅದನ್ನು ಕಂಡ ದಿನ ಸೊಸೆ ಮೂಗು ಮುರಿದು, "ಅರವತ್ತಕ್ಕೆ ಅರಳು ಮರಳು" ಎಂದು ಗಂಡನ ಎದುರಿಗೇ ಅಂದಳು. ಗಂಡ ಎಂದಿನಂತೆ ಮೊಬೈಲಿನಲ್ಲಿ ಮುಳುಗಿದ್ದ.

ಆ ಕಿಟಕಿಯ ಕೆಳಗೇ ಅವಳ ಗಿಡವಿತ್ತು. ನಾಲ್ಕು ವರ್ಷದ ಹಿಂದೆ ನರ್ಸರಿಯ ಸಸಿಗಳ ಸಾಲಿನಲ್ಲಿ ತನ್ನ ಒಡಹುಟ್ಟಿದವುಗಳಿಗಿಂತ ಕುಳ್ಳಗೆ ನಿಂತಿದ್ದ ಒಂದನ್ನು ಆರಿಸಿ ತಂದು, ಯಾರನ್ನೂ ಕೇಳದೆ ಅಲ್ಲಿ ನೆಟ್ಟಿದ್ದಳು. ಎರಡನೆಯ ವರ್ಷ ಹೂವೇ ಬರಲಿಲ್ಲ. ಪಕ್ಕದ ಮನೆಯ ಬೆಕ್ಕಿಗೆ ಶಾಪ ಹಾಕಿದಳು. ಆಮೇಲಿನ ಎರಡು ವರ್ಷ ಗಿಡದ ತುಂಬ ಗುಲಾಬಿ ಬಣ್ಣದ ಹೂವು, ಎತ್ತರ ಮಾತ್ರ ಮೊಣಕಾಲು ದಾಟಲಿಲ್ಲ. ಕತ್ತರಿ ಕಾಣದೆ ತಾನೇ ತಾನಾಗಿ ಅಚ್ಚುಕಟ್ಟಾಗಿರುವ ಇಂಥ ಗಿಡ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂಬುದು ಅವಳ ಹೆಮ್ಮೆ.

ಮಾವ ಒಮ್ಮೆ ಕೇಳಿದ್ದುಂಟು. "ಅದು ಇನ್ನೆಷ್ಟು ಎತ್ತರ ಬರುತ್ತಮ್ಮ?"

"ಅದು ಪ್ಯಾಂಟಲ್ಲ ಮಾವ. ಅದರ ಅಳತೆ ಅದಕ್ಕೆ ಗೊತ್ತು. ಕತ್ತರಿ ಹಿಡಿದವರೆಲ್ಲ ತೋಟಗಾರರಾಗಲ್ಲ."

ಮಾವ ಕನ್ನಡಕ ಮೇಲೇರಿಸಿಕೊಂಡು ಸೂಜಿಗೆ ದಾರ ಪೋಣಿಸತೊಡಗಿದರು. ಮತ್ತೆ ಕೇಳಲಿಲ್ಲ. ಬುದ್ಧಿ ಬಂತು ಎಂದುಕೊಂಡಳು ಸೊಸೆ.

ಅದೇ ಗಿಡದ ಮೇಲ್ತುದಿಯ ಕಡ್ಡಿಗಳನ್ನು ಕತ್ತರಿಸಿ ಒಯ್ದು ಅವಳು ನರ್ಸರಿಯಲ್ಲಿ ಇನ್ನೂರು ಕುಂಡ ಮಾಡಿದಳು. ಪ್ರತಿಯೊಂದಕ್ಕೂ ಸ್ವಂತ ಕೈಬರಹದ ಚೀಟಿ ಕಟ್ಟಿದಳು: 'ಎರಡಡಿ ದಾಟುವುದಿಲ್ಲ. ಕತ್ತರಿಸಬೇಕಾಗಿಲ್ಲ.' ಮಾಲೀಕರು ಖುಷಿಯಾಗಿ, ಇದು ಗೆದ್ದರೆ ಸಸಿ ಬೆಳೆಸುವ ವಿಭಾಗವನ್ನೇ ನಿಮ್ಮ ಕೈಗೆ ಕೊಡುತ್ತೇನೆ ಎಂದರು. ಒಂಬತ್ತು ವರ್ಷದಿಂದ ಅವಳು ಕಾಯುತ್ತಿದ್ದ ಮಾತು ಅದು. ಆ ರಾತ್ರಿಯಿಂದಲೇ ಅವಳು ಯಾರ್ಯಾರನ್ನು ಆ ವಿಭಾಗದಿಂದ ಓಡಿಸಬೇಕೆಂದು ಮನಸ್ಸಿನಲ್ಲಿ ಪಟ್ಟಿ ಹಾಕತೊಡಗಿದಳು.

ವರ್ಷ ಕಳೆಯುವುದರೊಳಗೆ ಇನ್ನೂರು ಗಿಡಗಳೂ ಸೊಂಟದೆತ್ತರಕ್ಕೆ ಎದ್ದು ನಿಂತವು. ಕಾಲು ಉದ್ದ, ಮೈ ಬೋಳು, ತುದಿಯಲ್ಲಿ ನಾಲ್ಕು ಹೂವು. ಕೊಂಡುಹೋದವರು ಚೀಟಿ ಹಿಡಿದುಕೊಂಡು ವಾಪಸು ಬಂದರು. "ನಮ್ಮ ಬಾಗಿಲೇ ಮುಚ್ಚಿಹೋಯ್ತು, ಇದೇನಾ ನಿಮ್ಮ ಎರಡಡಿ?" ಎಂದ ಒಬ್ಬ ಮುದುಕ.

ಸೊಸೆಗೆ ಕಾರಣ ಹುಡುಕಲು ಕ್ಷಣವೂ ಬೇಕಾಗಲಿಲ್ಲ. ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವವನು. ಗೊಬ್ಬರದ ನೀರನ್ನು ಅಳತೆ ಮೀರಿ ಸುರಿದಿದ್ದಾನೆ, ಇನ್ನೇನು.

"ನೀವು ಬರೆದುಕೊಟ್ಟಷ್ಟೇ ಹಾಕಿದ್ದು ಅಕ್ಕ," ಎಂದ ಅವನು.

"ಕುಣಿಯೋಕೆ ಬರದವನು ನೆಲ ಡೊಂಕು ಅಂದನಂತೆ," ಎಂದಳು ಅವಳು, ಎಲ್ಲರಿಗೂ ಕೇಳುವಂತೆ.

ಮಾಲೀಕರಿಗೆ ತಲೆಕೆಟ್ಟಿತ್ತು. "ತಾಯಿಗಿಡ ತೋರಿಸಿ. ಅದು ನಿಜವಾಗಿ ಕುಳ್ಳಗಿದ್ರೆ ತಪ್ಪು ಇವನದು, ಸೋಮವಾರದಿಂದ ಇವನು ಬರೋದು ಬೇಡ. ಇಲ್ದಿದ್ರೆ ವಿಭಾಗದ ಮಾತು ಅಲ್ಲಿಗೇ ಮುಗೀತು."

"ಭಾನುವಾರ ಬನ್ನಿ," ಎಂದಳು. ಇಷ್ಟು ನಿಶ್ಚಿಂತೆಯಿಂದ ಅವಳು ಯಾರನ್ನೂ ಮನೆಗೆ ಕರೆದಿರಲಿಲ್ಲ.

ಭಾನುವಾರ ಬೆಳಗ್ಗೆ ಮಾಲೀಕರು ಬಂದರು. ಹಿಂದೆಯೇ ನೀರು ಹಾಕುವವನು, ಸೊಂಟದೆತ್ತರದ ಒಂದು ಗಿಡವನ್ನು ಕುಂಡದ ಸಮೇತ ಹೊತ್ತುಕೊಂಡು ಬಂದು ತಾಯಿಗಿಡದ ಪಕ್ಕದಲ್ಲಿ ಇಳಿಸಿದ. ತಾಯಿಗಿಡ ಮೊಣಕಾಲೆತ್ತರದಲ್ಲಿ ಗುಂಡಗೆ, ಎಲೆ ಕಾಣದಷ್ಟು ಹೂ ಹೊತ್ತು ಕೂತಿತ್ತು. ಒಳಗೆ ಮಾವನ ಮಷಿನ್ ಗಡಗಡ ಓಡುತ್ತಿತ್ತು. ಭಾನುವಾರವೂ ಈ ಮುದುಕನಿಗೆ ಬಿಡುವಿಲ್ಲವಲ್ಲ ಎಂದು ಸೊಸೆಗೆ ನಾಚಿಕೆಯಾಯಿತು.

ಮಾಲೀಕರು ಎರಡನ್ನೂ ನೋಡಿದರು. ಬಗ್ಗಿ ಗೇಣು ಹಾಕಿದರು. ಆಮೇಲೆ ನೀರು ಹಾಕುವವನ ಕಡೆ ತಿರುಗಿ, "ಇದಕ್ಕೇನು ಹೇಳ್ತೀಯಪ್ಪ? ನಾಳೆಯಿಂದ ಬರಬೇಡ," ಎಂದರು.

ಅವನು ತನ್ನ ಚಪ್ಪಲಿ ನೋಡುತ್ತ ನಿಂತ. ಸೊಸೆಗೆ ಸಂತೋಷವಾಯಿತು. ಅದನ್ನು ಮುಚ್ಚಿಡಬೇಕೆಂದೂ ಅವಳಿಗೆ ಅನ್ನಿಸಲಿಲ್ಲ.

"ಅದೇನು ಗೆರೆ?" ಎಂದರು ಮಾಲೀಕರು, ಹೊರಡುವ ಮೊದಲು. ಗಿಡದ ನೆತ್ತಿ ಗೋಡೆಯ ನೀಲಿ ಗೆರೆಗೆ ಸರಿಸಮವಾಗಿ ನಿಂತಿತ್ತು.

"ಅಯ್ಯೋ, ಅದು ನಮ್ಮ ಮಾವ. ವಯಸ್ಸಾಯ್ತಲ್ಲ," ಎಂದು ಸೊಸೆ ನಕ್ಕಳು.

ಒಳಗೆ ಮಷಿನ್ ನಿಂತಿತು.

"ಅದು ಅಳತೆ," ಎಂದಿತು ಕಿಟಕಿಯಿಂದ ಮಾವನ ದನಿ. "ಅದಕ್ಕಿಂತ ಮೇಲೆ ಬಂದ್ರೆ ನನಗೆ ಬೆಳಕು ಸಾಲಲ್ಲ, ಸೂಜಿ ಕಣ್ಣು ಕಾಣಲ್ಲ. ಅದಕ್ಕೇ ಕತ್ತರಿಸ್ತಾ ಇರ್ತೀನಿ."

"ಯಾವಾಗ?" ಎಂದಳು ಸೊಸೆ.

"ನೀನು ಕೆಲಸಕ್ಕೆ ಹೋದಾಗ."

ಮಾವ ಹೊರಗೆ ಬಂದರು. ಕೈಯಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ ಇತ್ತು. ನಿಧಾನವಾಗಿ ಕುಕ್ಕರಗಾಲಲ್ಲಿ ಕೂತು ಹೂಗಳನ್ನು ಎರಡೂ ಕೈಯಿಂದ ಸರಿಸಿ ಒಳಗನ್ನು ತೋರಿಸಿದರು. ಬುಡದ ಹತ್ತಿರ ನೂರಾರು ಹಳೆಯ ಗಾಯಗಳು, ಒಂದೊಂದೂ ಓರೆಯಾಗಿ, ಒಂದೊಂದು ಎಲೆಯ ಗೆಣ್ಣಿನ ಮೇಲೆ.

"ಮೇಲಿಂದ ಸವರಿದ್ರೆ ಮೊಂಡು ಕಾಣುತ್ತೆ," ಎಂದರು ಮಾಲೀಕರಿಗೆ. "ಉದ್ದ ಬಂದ ಕಡ್ಡೀನ ಒಳಗಿಂದಾನೇ ತೆಗೀಬೇಕು. ಹೊಲಿಗೆ ಹೊರಗೆ ಕಾಣಬಾರದು. ಹೂ ಉದುರಿದ ವಾರವೇ ಶುರು ಮಾಡಿ, ಮೊಗ್ಗು ಕಟ್ಟೋ ಮುಂಚೆ ನಿಲ್ಲಿಸಿಬಿಡಬೇಕು. ಒಂದು ವರ್ಷ ತಿಳೀದೆ ತಡವಾಗಿ ಕತ್ತರಿಸಿದೆ, ಹೂವೇ ಬರಲಿಲ್ಲ. ಪಾಪ, ಆ ಬೆಕ್ಕು ಬೈಸಿಕೊಳ್ತು."

ನೀರು ಹಾಕುವವನು ಈಗ ತಲೆಯೆತ್ತಿದ. ಮೊದಲು ಗಿಡವನ್ನು ನೋಡಿದ, ಆಮೇಲೆ ಸೊಸೆಯನ್ನು. ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಬೈಯಲಾದರೂ ದಾರಿಯಿರುತ್ತಿತ್ತು.

"ಮೊದಲೇ ಹೇಳಬಾರದಿತ್ತಾ ಮಾವ?"

"ನೀನು ಕೇಳಿದ್ದಿದ್ರೆ ಹೇಳ್ತಿದ್ದೆ."

ಒಂಬತ್ತು ವರ್ಷ ಗಿಡಗಳ ನಡುವೆ ಕಳೆದವಳು, ತನ್ನದೇ ಗಿಡದ ಹೊಟ್ಟೆಯೊಳಗೆ ಒಮ್ಮೆಯೂ ಕೈಹಾಕಿ ನೋಡಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದವಳು ಎಣಿಸುವುದಾದರೂ ಯಾಕೆ? ಇಷ್ಟು ದಿನ ಊರವರಿಗೆಲ್ಲ ಹಂಚಿದ ತಿರಸ್ಕಾರವೆಲ್ಲ ಒಟ್ಟಾಗಿ ಮನೆಗೆ ಬಂದಂತೆ ಅವಳಿಗೆ ಅನ್ನಿಸಿತು. ಅದರಲ್ಲಿ ಒಂದು ಪಾಲೂ ತಪ್ಪು ವಿಳಾಸಕ್ಕೆ ಬಂದದ್ದಲ್ಲ ಎಂದೂ ಗೊತ್ತಾಯಿತು.

ಮಾಲೀಕರು ಕೈ ಕೊಡವಿಕೊಂಡರು. "ನಾಳೆ ನೀನು ಎಂದಿನಂತೆ ಬಾರಪ್ಪ," ಎಂದರು ನೀರು ಹಾಕುವವನಿಗೆ. ಸೊಸೆಗೆ, "ಚೀಟಿಗಳನ್ನ ನೀವೇ ಕೀಳಿ, ಕೈಯಾರೆ ಕಟ್ಟಿದ್ದೀರಲ್ಲ. ವಿಭಾಗದ ಮಾತು ನಾನು ಮತ್ತೆ ಎತ್ತಲ್ಲ. ಆ ಗಿಡಗಳನ್ನ ಅಳತೆಗೆ ತರೋದು ಹೇಗೆ ಅಂತ ನಿಮ್ಮ ಮಾವನ ಹತ್ರ ಕಲಿತುಕೊಂಡು ಬನ್ನಿ. ಕೆಲಸ ಉಳೀಬೇಕು ಅಂದ್ರೆ," ಎಂದರು.

ಅವರಿಬ್ಬರೂ ಹೋದ ಮೇಲೆ ಮಾವ ಒಳಗೆ ಹೋಗಿ ಮಷಿನ್ ಮುಂದೆ ಕೂತರು. ಸೊಂಟದೆತ್ತರದ ಗಿಡ ಕುಂಡದಲ್ಲಿ ಹಾಗೇ ಉಳಿದಿತ್ತು. ಸೊಸೆ ಅದರ ಚೀಟಿ ಕಿತ್ತು ಮುದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು, ಬಹಳ ಹೊತ್ತಿನ ಮೇಲೆ ಕಿಟಕಿಗೆ ಬಂದು ಸರಳು ಹಿಡಿದು ನಿಂತಳು. ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಮಾವನನ್ನು ಅವಳು ಏನನ್ನೂ ಹೇಳಿಕೊಡಿ ಎಂದು ಕೇಳಿರಲಿಲ್ಲ.

"ಮಾವ, ಹೇಗೆ ಕತ್ತರಿಸೋದು ಅಂತ ನನಗೊಂದು ಸಲ ತೋರಿಸ್ತೀರಾ?"

ಮಾವ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಕಣ್ಣ ಹತ್ತಿರ ಹಿಡಿದರು. ತಲೆಯೆತ್ತಲಿಲ್ಲ.

"ತೋರಿಸ್ತೀನಿ. ಮೊದಲು ಸ್ವಲ್ಪ ಪಕ್ಕಕ್ಕೆ ಸರಿ, ಬೆಳಕಿಗೆ ಅಡ್ಡ ನಿಂತಿದ್ದೀಯ."